ಆಗುಂಬೆ ಇಳಿದು ಮಾಳ ಹತ್ತಿ: ನಾಲ್ಕು ದಿನದ ಘಟ್ಟದ ಸುತ್ತು

ಪ್ರಶ್ನೆ: ನವೆಂಬರ್ ಎರಡನೇ ವಾರ ನಾಲ್ಕು ದಿನ ರಜೆ ಸಿಕ್ಕಿದೆ. ಬೆಂಗಳೂರಿನಿಂದ ನಮ್ಮದೇ ಕಾರಿನಲ್ಲಿ ಆಗುಂಬೆಗೆ ಹೋಗಬೇಕು ಅಂತ ಇದ್ದೇವೆ. ಜೊತೆಗೆ ಅಪ್ಪ, ಅಮ್ಮ, ಹೆಂಡತಿ, ಹನ್ನೊಂದು ವರ್ಷದ ಮಗಳು. ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತರ ಹತ್ತಿರ. ಸೂರ್ಯಾಸ್ತ ನೋಡಿ, ಫೋಟೋ ತೆಗೆದು ವಾಪಸ್ ಬರುವ ಪ್ರವಾಸ ಬೇಡ. ಕಾಡೂ ಕಾಣಬೇಕು, ಆ ಕಡೆಯ ಇತಿಹಾಸವೂ ಮಗಳಿಗೆ ಗೊತ್ತಾಗಬೇಕು. ಘಾಟಿಯಲ್ಲಿ ಕಾರು ಓಡಿಸಿ ನನಗೆ ಅಷ್ಟು ಅಭ್ಯಾಸವಿಲ್ಲ. ಯಾವ ದಾರಿ ಹಿಡಿಯಬೇಕು, ಎಲ್ಲೆಲ್ಲಿ ನಿಲ್ಲಬೇಕು?

ಉತ್ತರ: ಆಗುಂಬೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಡಿ. ಆಗುಂಬೆ ಘಾಟಿ ಇಳಿಯಿರಿ. ಹೆಬ್ರಿ, ವರಂಗ, ಕಾರ್ಕಳ ನೋಡಿ. ಮಾರನೇ ದಿನ ಬಜಗೋಳಿಯಿಂದ ಮಾಳ ಘಾಟಿ ಹತ್ತಿ, ಕುದುರೆಮುಖದ ಕಾಡಿನ ಅಂಚಿನಲ್ಲಿ ಹಾದು ಶೃಂಗೇರಿಗೆ ಬನ್ನಿ. ಅಲ್ಲಿಂದ ಕೊಪ್ಪದ ಮೇಲೆ ತೀರ್ಥಹಳ್ಳಿಗೆ. ಹೋಗುವಾಗ ರಾಷ್ಟ್ರೀಯ ಹೆದ್ದಾರಿ 169ಎ, ಬರುವಾಗ 169. ತೀರ್ಥಹಳ್ಳಿಯಿಂದ ಹೊರಟು ಮತ್ತೆ ಅಲ್ಲಿಗೇ ಸೇರುವ ಈ ಸುತ್ತು ಸುಮಾರು 220 ಕಿಲೋಮೀಟರ್. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಓಡಿಸಿ ಮುಗಿಸಬಹುದು. ಹಾಗೆ ಮುಗಿಸುವವರೂ ಇದ್ದಾರೆ. ನೀವು ಎರಡೂವರೆ ದಿನ ಕೊಡಿ.

ಎರಡು ಘಾಟಿ ಯಾಕೆ ಅಂದರೆ, ಮಲೆನಾಡಿನ ಇತಿಹಾಸ ಬರೀ ಘಟ್ಟದ ಮೇಲೆ ನಡೆದದ್ದಲ್ಲ. ಉಪ್ಪು, ಒಣಮೀನು ಕೆಳಗಿನಿಂದ ಮೇಲೆ ಬರಬೇಕಿತ್ತು. ಕಾಳುಮೆಣಸು, ಅಡಿಕೆ ಮೇಲಿನಿಂದ ಬಂದರಿಗೆ ಇಳಿಯಬೇಕಿತ್ತು. ವಿಜಯನಗರದವರಿಗೆ ಕರಾವಳಿಯ ಬಾರಕೂರು ಬೇಕಿತ್ತು. ಕೆಳದಿ ನಾಯಕರಿಗೆ ಕರಾವಳಿಯ ಅಕ್ಕಿ, ಮೆಣಸಿನ ವ್ಯಾಪಾರ ಬೇಕಿತ್ತು. ಕಾರ್ಕಳದ ಭೈರರಸರಂತೂ ಘಟ್ಟದ ಮೇಲೊಂದು, ಕೆಳಗೊಂದು ರಾಜಧಾನಿ ಇಟ್ಟುಕೊಂಡಿದ್ದರು. ಆಗುಂಬೆಯ ವ್ಯೂ ಪಾಯಿಂಟಿನಲ್ಲಿ ನಿಂತು ಕೆಳಗೆ ನೋಡಿ ಹಿಂತಿರುಗಿದರೆ ಈ ಕಥೆಯ ಅರ್ಧ ಮಾತ್ರ ಸಿಗುತ್ತದೆ.

ಮೊದಲ ದಿನ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ತರೀಕೆರೆ, ಶಿವಮೊಗ್ಗದ ಮೇಲೆ ತೀರ್ಥಹಳ್ಳಿಗೆ 350 ಕಿಲೋಮೀಟರ್ ದಾಟುತ್ತದೆ. ಊಟ, ಕಾಫಿ ಸೇರಿದರೆ ಇಡೀ ಹಗಲು ಬೇಕು. ಶಿವಮೊಗ್ಗ ದಾಟಿದ ಮೇಲೆ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಆದರೆ ಅಲ್ಲಿ ನೋಡಬೇಕಾದದ್ದು ಬೆಳಗ್ಗೆ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದನ್ನು. ನೀವು ಅಲ್ಲಿಗೆ ತಲುಪುವ ಹೊತ್ತಿಗೆ ಅವು ಕಾಡಿಗೆ ಹೋಗಿರುತ್ತವೆ. ಮುಂದೆ ಮಂಡಗದ್ದೆಯಲ್ಲಿ, ರಸ್ತೆ ಪಕ್ಕದಲ್ಲೇ, ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ ಇದೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುತ್ತವೆ. ನವೆಂಬರಿಗೆ ಬಹುಪಾಲು ಖಾಲಿಯಾಗಿರುತ್ತದೆ. ಕಾಲು ಚಾಚಿಕೊಳ್ಳಲು ಹತ್ತು ನಿಮಿಷ ನಿಲ್ಲಿ, ಸಾಕು. ರಾತ್ರಿ ತೀರ್ಥಹಳ್ಳಿಯಲ್ಲಿ ಉಳಿಯಿರಿ.

ಎರಡನೇ ದಿನ ಬೆಳಗ್ಗೆ ಒಂದು ಆಯ್ಕೆ ಇದೆ: ಕವಲೇದುರ್ಗ ಅಥವಾ ಕುಂದಾದ್ರಿ. ಎರಡನ್ನೂ ಒಂದೇ ಬೆಳಗ್ಗೆ ತುರುಕಬೇಡಿ.

ಕವಲೇದುರ್ಗ ತೀರ್ಥಹಳ್ಳಿಯಿಂದ 20 ಕಿಲೋಮೀಟರ್ ಒಳಗೇ ಇದೆ. ಕೆಳದಿ ನಾಯಕರ ಕೋಟೆ. ಗದ್ದೆಯ ಬದುವಿನ ಪಕ್ಕದಿಂದ ಶುರುವಾಗುವ ಕಲ್ಲುಹಾಸಿನ ದಾರಿ, ಒಂದರ ಮೇಲೊಂದು ಬಾಗಿಲು, ಕಾಶಿ ವಿಶ್ವನಾಥ ದೇವಸ್ಥಾನ, ತುದಿಯಲ್ಲಿ ಶಿಖರೇಶ್ವರ. ಅರಮನೆಯ ತಳಪಾಯ ಮಾತ್ರ ಉಳಿದಿದೆ. ಆದರೆ ಆ ತಳಪಾಯದಲ್ಲೇ ಅಡುಗೆಮನೆ ಎಲ್ಲಿತ್ತು, ಬಚ್ಚಲು ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು ಎಂದು ಮಗಳೇ ಕಂಡುಹಿಡಿಯಬಹುದು. ಹಳೇ ಕೋಟೆಗಳಲ್ಲಿ ಮಕ್ಕಳಿಗೆ ಇಷ್ಟು ಸಲೀಸಾಗಿ ಅರ್ಥವಾಗುವ ಜಾಗ ಕಡಿಮೆ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿಯುವುದರೊಂದಿಗೆ ಕೆಳದಿಯವರ ಆಳ್ವಿಕೆ ಮುಗಿಯಿತು. ಆದರೆ ಇಲ್ಲಿ ಕಾಲುನಡಿಗೆ ತುಂಬಾ ಇದೆ. ಪಾಚಿ ಹಿಡಿದ ಕಲ್ಲಿನ ಮೇಲೆ ಎಪ್ಪತ್ತರ ಮಂಡಿಗಳು ಒಪ್ಪುವುದಿಲ್ಲ.

ಹಾಗಾಗಿ ನಿಮಗೆ ಕುಂದಾದ್ರಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಗುಡ್ಡೇಕೇರಿಯ ಹತ್ತಿರ ತಿರುಗಿಕೊಳ್ಳಬೇಕು. ಒಂಟಿಯಾಗಿ ಎದ್ದು ನಿಂತ ಬಂಡೆಯ ಬೆಟ್ಟ. ಹೆಚ್ಚುಕಮ್ಮಿ ತುದಿಯವರೆಗೆ ಗಾಡಿ ಹೋಗುತ್ತದೆ. ಮೇಲೆ ಪಾರ್ಶ್ವನಾಥನ ಬಸದಿ, ಬಂಡೆಯ ನಡುವೆಯೇ ನೀರಿನ ಕೊಳ. ಕುಂದಕುಂದಾಚಾರ್ಯರು ಇಲ್ಲಿ ತಪಸ್ಸು ಮಾಡಿದರು ಎಂಬುದು ಜೈನರ ನಂಬಿಕೆ. ರಸ್ತೆ ಕಿರಿದು, ಕಡಿದು. ಮೊದಲ ಗೇರಿನಲ್ಲಿ, ಎದುರು ಗಾಡಿ ಬಂದರೆ ಎಲ್ಲಿ ಸರಿಯಬೇಕು ಎಂದು ನೋಡಿಕೊಂಡು ಹತ್ತಿ. ಬೆಳಗ್ಗೆ ಎಂಟರ ಒಳಗೆ ಹೋದರೆ ಎದುರು ಗಾಡಿ ಕಡಿಮೆ. ಇದನ್ನು ಹತ್ತಿ ಇಳಿದವರಿಗೆ ಆಗುಂಬೆಯ ರಸ್ತೆ ಅಗಲವಾಗಿಯೇ ಕಾಣುತ್ತದೆ.

ಈ ಬಸದಿಯನ್ನು ನೆನಪಿಟ್ಟುಕೊಳ್ಳಿ. ಮಲೆನಾಡು ಅಂದರೆ ಬರೀ ಮಠ, ಅಗ್ರಹಾರ ಅಂದುಕೊಳ್ಳುವವರು ಜಾಸ್ತಿ. ಇಲ್ಲಿ ಜೈನರ ಬೇರು ಬಹಳ ಆಳ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಆಳಿದ ಸಾಂತರರು ಜೈನರು. ಅವರದೇ ಒಂದು ಕವಲು ಆಮೇಲೆ ಕಳಸಕ್ಕೆ, ಅಲ್ಲಿಂದ ಘಟ್ಟ ಇಳಿದು ಕಾರ್ಕಳಕ್ಕೆ ಹೋಯಿತು. ನಾಳೆ ಬೆಳಗ್ಗೆ ನೀವು ಕಾರ್ಕಳದಲ್ಲಿ ನೋಡುವ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಮನೆತನ.

ಗುಡ್ಡೇಕೇರಿಯಿಂದ ಆಗುಂಬೆಗೆ ಹೋಗುವಾಗ ಅಡಿಕೆ ತೋಟಗಳ ಕಡೆ ಸ್ವಲ್ಪ ಕಣ್ಣಿಡಿ. ಅಡಿಕೆ ಗೊನೆ ಕೊಯ್ಯುವ ಕಾಲ ಅದು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ತಿಳಿನೀಲಿ ಕಲೆ ಮರಗಳ ಮೇಲೆ ಇನ್ನೂ ಉಳಿದಿರುತ್ತದೆ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಔಷಧಿ ಅದು. ತೋಟದ ಮನೆಯ ಮುಂದೆ ಹಂಡೆಯಿಂದ ಹಬೆ ಏಳುತ್ತಿದ್ದರೆ ಅಲ್ಲಿ ಅಡಿಕೆ ಬೇಯುತ್ತಿದೆ ಅಂತ ಅರ್ಥ. ಎಳೆಯದಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆಯ ಒಗರು ರಸದಲ್ಲಿ) ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಸುಲಿಯಲು ಈಗ ಯಂತ್ರ ಬಂದಿದೆ. ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಹೆಂಗಸರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ. ಅವರ ಕೈ ಬೆರಳು ಚೊಗರಿನಿಂದ ಕಪ್ಪಾಗಿರುತ್ತದೆ. ಘಟ್ಟ ಇಳಿದ ಮೇಲೆ ಅಡಿಕೆಯ ಕಥೆಯೇ ಬೇರೆ. ಅಲ್ಲಿ ಕಾಯಿ ಪೂರ್ತಿ ಹಣ್ಣಾಗುವವರೆಗೆ ಕಾದು, ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ ಒಂದೂವರೆ ತಿಂಗಳು ಬಿಸಿಲಿಗೆ ಹಾಕುತ್ತಾರೆ. ಅದು ಚಾಲಿ. ಬೆಳಗ್ಗೆ ಹಂಡೆ, ಮಧ್ಯಾಹ್ನದ ಮೇಲೆ ಅಂಗಳ. ಎರಡನ್ನೂ ಒಂದೇ ದಿನದಲ್ಲಿ ನೋಡಿದರೆ ಘಟ್ಟದ ಮೇಲೆ ಕೆಳಗೆ ಅನ್ನುವ ವ್ಯತ್ಯಾಸವನ್ನು ಮಗಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ಆಗುಂಬೆ ಸಮುದ್ರ ಮಟ್ಟದಿಂದ 650 ಮೀಟರ್ ಆಸುಪಾಸಿನ ಎತ್ತರದ ಸಣ್ಣ ಊರು. ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿಗೂ ಹೆಚ್ಚು ಮಳೆ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರ್ ಸುರಿದ ದಾಖಲೆ ಇದೆ. ಬೆಂಗಳೂರಿಗೆ ನಾಲ್ಕು ವರ್ಷದಲ್ಲಿ ಬೀಳುವುದಕ್ಕಿಂತ ಅದು ಜಾಸ್ತಿ. ಕಾರಣ ಸರಳ. ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಇಲ್ಲಿ ಘಟ್ಟ ಗೋಡೆಯ ಹಾಗೆ ನೇರವಾಗಿ ಎದ್ದು ಅಡ್ಡ ನಿಲ್ಲುತ್ತದೆ. ಗಾಳಿ ಮೇಲಕ್ಕೇರಲೇಬೇಕು, ಏರಿದರೆ ತಣ್ಣಗಾಗಲೇಬೇಕು, ತಣ್ಣಗಾದರೆ ನೀರು ಇಳಿಸಲೇಬೇಕು. ಆ ಬೆನ್ನು ದಾಟಿ ಪೂರ್ವಕ್ಕೆ ಹೋದಂತೆ ಮಳೆ ಸರಸರ ಇಳಿಯುತ್ತದೆ. ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಆಗುಂಬೆಯ ಏಳರಲ್ಲೊಂದು ಪಾಲೂ ಕಷ್ಟ. ನಿನ್ನೆ ನೀವು ಬಂದದ್ದು ಅದೇ ದಾರಿ. ತೀರ್ಥಹಳ್ಳಿ ದಾಟಿದ ಮೇಲೆ ಮರಗಳು ಹೇಗೆ ಎತ್ತರವಾಗುತ್ತ ಹೋದವು, ಮನೆಯ ಮಾಡು ಹೇಗೆ ಇಳಿಜಾರಾಗುತ್ತ ಬಂತು ಎಂದು ಗಮನಿಸಿದರೆ ಮಳೆಯ ನಕ್ಷೆ ರಸ್ತೆಯಲ್ಲೇ ಕಾಣುತ್ತದೆ.

ಕಾಡಿನ ವಿಷಯಕ್ಕೆ ಬಂದರೆ, ಆಗುಂಬೆ ಅಂದ ತಕ್ಷಣ ಎಲ್ಲರೂ ಕೇಳುವುದು ಕಾಳಿಂಗ ಸರ್ಪ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುಮಾಡಿದರು. ಕಾಳಿಂಗದ ಮೈಯೊಳಗೆ ಪುಟ್ಟ ರೇಡಿಯೋ ಇಟ್ಟು ಅದು ಎಲ್ಲೆಲ್ಲಿ ಓಡಾಡುತ್ತದೆ ಎಂದು ಹಿಂಬಾಲಿಸಿದ ಅಧ್ಯಯನ ನಡೆದದ್ದು ಇಲ್ಲೇ. ಎಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಅದೊಂದೇ. ತಿನ್ನುವುದು ಬೇರೆ ಹಾವುಗಳನ್ನು. ಊರಿನವರು ಅದನ್ನು ಕೊಲ್ಲುವುದಿಲ್ಲ. ಮನೆಗೆ ಬಂದರೆ ಹಿಡಿಯುವವರನ್ನು ಕರೆಸಿ ಕಾಡಿಗೆ ಬಿಡಿಸುತ್ತಾರೆ. ಆದರೆ ಸಂಶೋಧನಾ ಕೇಂದ್ರ ಪ್ರವಾಸಿ ತಾಣವಲ್ಲ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ನವೆಂಬರಿನಲ್ಲಿ ರಸ್ತೆಯಿಂದಲೇ ಕಾಣಬಹುದಾದದ್ದು ಬೇರೆ ಇದೆ. ಮರದ ಬೊಡ್ಡೆಗೆ ಅಂಟಿಕೊಂಡ ಹಾರುವ ಓತಿ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೆಂದಳಿಲು. ಅದೃಷ್ಟವಿದ್ದರೆ ಸಿಂಗಳೀಕ. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಮೊದಲು ಕೇಳಿಸುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಕಾರಿನ ಕಿಟಕಿ ಇಳಿಸಿ, ಹಾಡು ನಿಲ್ಲಿಸಿದವರಿಗೆ ಮಾತ್ರ.

ಜಲಪಾತಗಳ ಪೈಕಿ ಜೋಗಿಗುಂಡಿ ಹತ್ತಿರ, ನಡಿಗೆಯೂ ಕಡಿಮೆ. ಒನಕೆ ಅಬ್ಬಿ, ಬರ್ಕಣಕ್ಕೆ ಕಾಡಿನೊಳಗೆ ನಡೆಯಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು. ಈ ಸಲ ಬಿಟ್ಟುಬಿಡಿ. ಇಂಬಳಗಳ ಕಾಟ ನವೆಂಬರಿಗೆ ಇಳಿದಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಒಂದು ಪೊಟ್ಟಣ ಉಪ್ಪು ಕಾರಿನಲ್ಲಿರಲಿ. ಊರೊಳಗೆ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆ ಇದೆ. ಅಪ್ಪ ಅಮ್ಮನಿಗೆ ಖಂಡಿತ ನೆನಪಿರುತ್ತದೆ. ಜನ ವಾಸವಿರುವ ಮನೆ ಅದು, ಕೇಳಿಕೊಂಡು ಒಳಗೆ ಹೋಗಿ.

ಇನ್ನು ಸೂರ್ಯಾಸ್ತ. ನೀವೇ ಬೇಡ ಅಂದಿದ್ದೀರಿ, ಒಳ್ಳೆಯದೇ ಆಯಿತು. ರಜೆಯ ದಿನ ಸಂಜೆ ಐದಕ್ಕೆ ಆ ತಿರುವಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮುಗಿದ ತಕ್ಷಣ ಎಲ್ಲ ಗಾಡಿಗಳೂ ಒಟ್ಟಿಗೆ ಹೊರಡುತ್ತವೆ. ಅದಾದ ಮೇಲೆ ಕತ್ತಲಲ್ಲಿ ಘಾಟಿ ಇಳಿಯುವುದು ಹೊಸಬರಿಗೆ ಸರಿಯಲ್ಲ. ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಅದೇ ಜಾಗದಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನ ಹಿಂದಿರುತ್ತದೆ. ಕೆಳಗಿನ ಕಾಡು, ಗದ್ದೆ, ಕರಾವಳಿಯ ಬಯಲು ಬಿಡಿಬಿಡಿಯಾಗಿ ಕಾಣುತ್ತದೆ. ತಿಳಿ ಇದ್ದ ದಿನ ದೂರದಲ್ಲಿ ಸಮುದ್ರದ ಗೆರೆಯೂ.

ಅಲ್ಲಿ ನಿಂತಾಗ ಮಗಳಿಗೆ ಇದೊಂದು ಹೇಳಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಕರಾವಳಿಯನ್ನು ತಾವೇ ಇಟ್ಟುಕೊಂಡು, ಘಟ್ಟದ ಮೇಲಿನದನ್ನು ಮೈಸೂರಿನ ಒಡೆಯರಿಗೆ ಬಿಟ್ಟರು. ಆಗಿನಿಂದ 1956ರವರೆಗೆ ಆಗುಂಬೆ ಮೈಸೂರಿನದು, ಕೆಳಗೆ ಕಾಣುವ ಸೋಮೇಶ್ವರ ಮದ್ರಾಸಿನದು. ಅಂದರೆ ಈ ಘಾಟಿ ಒಂದೂವರೆ ಶತಮಾನ ಎರಡು ಸರ್ಕಾರಗಳ ಗಡಿಯಾಗಿತ್ತು. ನಾಳೆ ಹತ್ತುವ ಘಾಟಿಯ ತುದಿಗೆ ಇವತ್ತಿಗೂ ಎಸ್.ಕೆ. ಬಾರ್ಡರ್ ಅನ್ನುತ್ತಾರೆ. ಎಸ್.ಕೆ. ಅಂದರೆ ಸೌತ್ ಕೆನರಾ, ಮದ್ರಾಸಿನ ಕಾಲದ ಜಿಲ್ಲೆ. ಅದು ಹೋಗಿ ಎಷ್ಟೋ ಕಾಲವಾಯಿತು, ಬಾರ್ಡರ್ ಮಾತ್ರ ಬಸ್ಸಿನ ಬೋರ್ಡಿನಲ್ಲಿ ಉಳಿದಿದೆ.

ಈಗ ಓಡಿಸುವ ವಿಷಯ. ಆಗುಂಬೆ ಘಾಟಿ ಉದ್ದವಿಲ್ಲ. ಸೋಮೇಶ್ವರದವರೆಗೆ ಹತ್ತು ಕಿಲೋಮೀಟರ್ ಒಳಗೆ ಮುಗಿಯುತ್ತದೆ. ಆದರೆ ಅದರಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವು ಎಷ್ಟು ಕಡಿದು ಅಂದರೆ ಇಲ್ಲಿ ದೊಡ್ಡ ಬಸ್ಸುಗಳ ಬದಲು ಮಿನಿ ಬಸ್ಸುಗಳೇ ಓಡಾಡುವುದು ರೂಢಿ, ಭಾರಿ ಲಾರಿಗಳಿಗೆ ನಿರ್ಬಂಧ. ಇಳಿಯುವಾಗ ಎರಡನೇ ಗೇರ್, ಬಹಳ ಕಡಿದಾದಲ್ಲಿ ಒಂದನೇ ಗೇರ್. ಗಾಡಿಯನ್ನು ಇಂಜಿನ್ನೇ ಹಿಡಿದುಕೊಳ್ಳಬೇಕು. ಬ್ರೇಕನ್ನು ತುಳಿದು ಬಿಡಿ, ತುಳಿದು ಬಿಡಿ. ತುಳಿದೇ ಇಟ್ಟರೆ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲಿ, ನೀರು ಎರಚಬೇಡಿ. ಆಟೋಮ್ಯಾಟಿಕ್ ಕಾರಾದರೆ ‘ಡಿ’ಯಲ್ಲಿ ಇಳಿಯಬೇಡಿ, ಮ್ಯಾನುಯಲ್ ಮೋಡ್ ಅಥವಾ ‘ಎಲ್’ಗೆ ಹಾಕಿ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಪೆಟ್ರೋಲ್ ಉಳಿಯುತ್ತದೆ ಎಂದು ಯಾರೋ ಹೇಳಿರುತ್ತಾರೆ, ಕೇಳಬೇಡಿ.

ಹತ್ತುವ ಗಾಡಿಗೆ ದಾರಿ ಬಿಡುವುದು ಘಾಟಿಯ ಮರ್ಯಾದೆ. ನಿಂತ ಮೇಲೆ ಏರಿನಲ್ಲಿ ಮತ್ತೆ ಎತ್ತುವುದು ಅವರಿಗೆ ಕಷ್ಟ. ತಿರುವಿಗೆ ಮುಂಚೆ ಹಾರ್ನ್ ಹಾಕಿ ಒಂದು ಕ್ಷಣ ಕಿವಿಗೊಡಿ. ಬಸ್ ಬರುವ ಸದ್ದಾದರೆ ತಿರುವಿನ ಒಳಗೆ ನುಗ್ಗದೆ ಹಿಂದೆಯೇ ನಿಲ್ಲಿ, ಅದಕ್ಕೆ ಪೂರ್ತಿ ರಸ್ತೆ ಬೇಕು. ಮಂಜು ಬಂದರೆ ಹೈ ಬೀಮ್ ಬೇಡ, ಕಣ್ಣ ಮುಂದೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಮಂಗಗಳಿಗೆ ಬಿಸ್ಕತ್ತು ಎಸೆಯುವುದನ್ನು ನಿಲ್ಲಿಸಿದರೆ ಅರ್ಧ ಅಪಘಾತ ತಪ್ಪುತ್ತದೆ ಅಂತ ನನಗೆ ಅನಿಸುತ್ತದೆ. ತಿರುವಿನಲ್ಲೇ ಕೂತು ಕಾಯುವ ಅಭ್ಯಾಸ ಅವುಗಳಿಗೆ ಬಂದದ್ದು ನಮ್ಮಿಂದಲೇ. ಮಗಳಿಗೆ ತಲೆಸುತ್ತು ಬರುವಂತಿದ್ದರೆ ಮುಂದಿನ ಸೀಟಿನ ಹಿಂದೆ ಮೊಬೈಲ್ ನೋಡುತ್ತಾ ಕೂರಿಸಬೇಡಿ. ಕಿಟಕಿ ಪಕ್ಕ ಕೂರಲಿ, ದೂರ ನೋಡಲಿ.

ಸೋಮೇಶ್ವರ ತಲುಪಿದಾಗ ಕಿವಿ ಬಿಟ್ಟುಕೊಳ್ಳುತ್ತದೆ, ಸೆಖೆ ಶುರುವಾಗುತ್ತದೆ. ಹೆಬ್ರಿಗೆ ಬಂದರೆ ಸುತ್ತ ತುಳು ಕೇಳಿಸುತ್ತದೆ. ಊಟದ ಎಲೆಯಲ್ಲಿ ಕುಚ್ಚಲಕ್ಕಿ ಅನ್ನ. ಮೀನು ತಿನ್ನುವವರಾದರೆ ಇಲ್ಲಿಯೇ ಊಟ ಮುಗಿಸಿ. ತಿನ್ನದವರಿಗೆ ನೀರುದೋಸೆ, ಗೋಳಿಬಜೆ ಎಲ್ಲಿ ಬೇಕಾದರೂ ಸಿಗುತ್ತದೆ.

ಹೆಬ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ವರಂಗ. ಈ ಪ್ರವಾಸದಲ್ಲಿ ಒಂದೇ ಜಾಗ ನೋಡಲು ಬಿಡುತ್ತೇನೆ ಅಂದರೆ ನಾನು ಇದನ್ನೇ ಆರಿಸುವೆ. ಕೆರೆಯ ನಡುವೆ ಬಸದಿ. ದೋಣಿಯಲ್ಲೇ ಹೋಗಬೇಕು. ಒಳಗೆ ನಾಲ್ಕು ದಿಕ್ಕಿಗೂ ಒಂದೊಂದು ಬಾಗಿಲು. ಹಿಂದೆ ನೀವು ಬೆಳಗ್ಗೆ ಇಳಿದು ಬಂದ ಘಟ್ಟದ ಸಾಲು. ದೋಣಿ ಪುಟ್ಟದು, ಒಮ್ಮೆಗೆ ಕೆಲವರೇ ಕೂರಬಹುದು, ಅಲುಗಾಡದೆ ಕೂರಬೇಕು. ಹತ್ತುವಾಗ ಅಮ್ಮನ ಕೈ ಹಿಡಿದುಕೊಳ್ಳಿ. ಸಂಜೆ ಬೇಗ ಬಾಗಿಲು ಹಾಕುತ್ತಾರೆ, ನಾಲ್ಕರ ಒಳಗೆ ಅಲ್ಲಿರಿ. ದಡದ ಮೇಲೂ ನೇಮಿನಾಥನ ದೊಡ್ಡ ಬಸದಿ ಇದೆ. ದೋಣಿಯಿಂದ ಇಳಿದವರು ನೇರ ಕಾರು ಹತ್ತುತ್ತಾರೆ, ಪಾಪ, ಅದನ್ನು ಯಾರೂ ಕೇಳುವುದಿಲ್ಲ.

ರಾತ್ರಿ ಕಾರ್ಕಳದಲ್ಲಿ. ಮೂರನೇ ದಿನ ಬಿಸಿಲು ಏರುವ ಮುಂಚೆ ಗೊಮ್ಮಟನ ಬೆಟ್ಟ. ಬಂಡೆ ಕಾದರೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಅಪ್ಪ ಅಮ್ಮನಿಗೆ ಮೆಟ್ಟಿಲು ಬೇಡವಾದರೆ ಗಾಡಿ ಹೋಗುವ ದಾರಿ ಯಾವುದು ಎಂದು ಕೆಳಗೆ ಕೇಳಿಕೊಳ್ಳಿ. ಸುಮಾರು 42 ಅಡಿಯ ಏಕಶಿಲಾ ಮೂರ್ತಿ. 1432ರ ಫೆಬ್ರವರಿ 13ರಂದು ಭೈರರಸ ವೀರಪಾಂಡ್ಯ ಗುರು ಲಲಿತಕೀರ್ತಿಯವರ ಮಾತಿನಂತೆ ಇದನ್ನು ನಿಲ್ಲಿಸಿದ. ಶ್ರವಣಬೆಳಗೊಳದ್ದು ಬೆಟ್ಟದ ಬಂಡೆಯನ್ನೇ ನಿಂತ ಜಾಗದಲ್ಲಿ ಕಡಿದದ್ದು. ಕಾರ್ಕಳದ್ದು ಬೇರೆ ಕಡೆ ಕಡಿದು ಬೆಟ್ಟಕ್ಕೆ ಎಳೆದು ತಂದದ್ದು. ಮೂರ್ತಿಯ ಕಾಲ ಬಳಿ ನಿಂತು ತಲೆ ಎತ್ತಿ ನೋಡಿ, ಆಮೇಲೆ ಬೆಟ್ಟದ ಇಳಿಜಾರು ನೋಡಿ. ಇದನ್ನು ಹೇಗೆ ತಂದಿರಬಹುದು ಎಂದು ಮಗಳನ್ನು ಕೇಳಿ. ಉತ್ತರ ಹೇಳಬೇಡಿ, ಕಾರಿನಲ್ಲಿ ಒಂದು ಗಂಟೆ ಮಾತಿಗೆ ಅದು ಸಾಕು.

ಎದುರಿನ ಸಣ್ಣ ದಿಣ್ಣೆಯ ಮೇಲೆ ಚತುರ್ಮುಖ ಬಸದಿ. ಇಮ್ಮಡಿ ಭೈರವ 1586ರಲ್ಲಿ ಕಟ್ಟಿಸಿದ್ದು. ನಾಲ್ಕು ಕಡೆಯಿಂದಲೂ ಒಂದೇ ಹಾಗೆ ಕಾಣುತ್ತದೆ. ಯಾವ ಬಾಗಿಲಿನಿಂದ ಒಳಗೆ ಹೋದರೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರು ಎದುರಾಗುತ್ತಾರೆ. 108 ಕಂಬ. ಮಾಡಿಗೂ ಕಲ್ಲಿನ ಚಪ್ಪಡಿಯೇ. ಕರಾವಳಿಯ ಮಳೆಗೆ ಕಟ್ಟಿದ ಕಟ್ಟಡ ಅನ್ನುವುದು ಒಳಗೆ ನಿಂತರೆ ಗೊತ್ತಾಗುತ್ತದೆ. ತಂಪಾಗಿರುತ್ತದೆ, ಜನ ಕಡಿಮೆ. ಅಪ್ಪ ಅಮ್ಮ ಬೆಟ್ಟ ಹತ್ತದಿದ್ದರೂ ಇಲ್ಲಿ ಕೂತುಕೊಂಡರೆ ಎದುರಿಗೆ ಗೊಮ್ಮಟ ಕಾಣುತ್ತಾನೆ.

ಹತ್ತೂವರೆ ಹನ್ನೊಂದಕ್ಕೆ ಕಾರ್ಕಳ ಬಿಡಿ. ಪೆಟ್ರೋಲ್ ಇಲ್ಲಿಯೇ ತುಂಬಿಸಿಕೊಳ್ಳಿ, ಮುಂದೆ ಶೃಂಗೇರಿಯವರೆಗೆ ಕಾಡು. ಮೊಬೈಲ್ ನೆಟ್‌ವರ್ಕ್ ಇರುವುದಿಲ್ಲ ಅಂದುಕೊಂಡೇ ಹೋಗಿ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಬಜಗೋಳಿ ದಾಟಿ ಮಾಳದ ಬಳಿ ಏರು ಶುರು. ಆಗುಂಬೆಯ ಹಾಗೆ ಮಡಚಿ ಮಡಚಿ ಏರುವ ರಸ್ತೆಯಲ್ಲ ಇದು. ಉದ್ದಕ್ಕೆ, ನಿಧಾನಕ್ಕೆ ಏರುತ್ತದೆ. ಓಡಿಸಲು ಸುಲಭ, ಅದಕ್ಕೇ ಇಲ್ಲಿ ಜನ ವೇಗ ಜಾಸ್ತಿ ಮಾಡುತ್ತಾರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಗಾಡಿ ನಂಬರ್ ಬರೆದುಕೊಂಡು ಸಮಯ ಹಾಕಿದ ಚೀಟಿ ಕೊಡುತ್ತಾರೆ. ಅದನ್ನು ಆ ಕಡೆಯ ಗೇಟಿನಲ್ಲಿ ತೋರಿಸಬೇಕು. ನಡುವೆ ಚಾಪೆ ಹಾಸಿ ಬುತ್ತಿ ಬಿಚ್ಚುವ ಹಾಗಿಲ್ಲ. ಜಲಪಾತಕ್ಕೆ ಹೋಗಿ ಬರುವುದಿದ್ದರೆ ಚೀಟಿ ಕೊಡುವಾಗಲೇ ಹೇಳಿ. ಏನಾದರಾಗಲಿ, ಮಧ್ಯಾಹ್ನ ಮೂರು ನಾಲ್ಕರ ಒಳಗೆ ಕಾಡು ದಾಟುವ ಲೆಕ್ಕ ಹಾಕಿ. ಮುಸ್ಸಂಜೆ ಕಾಟಿಗಳು (ಕಾಡುಕೋಣಗಳು) ರಸ್ತೆಗೆ ಬರುವ ಹೊತ್ತು.

ಎಸ್.ಕೆ. ಬಾರ್ಡರಿನಲ್ಲಿ ರಸ್ತೆ ಕವಲಾಗುತ್ತದೆ. ಒಂದು ಕೆರೆಕಟ್ಟೆ ಮೇಲೆ ಶೃಂಗೇರಿಗೆ, ಇನ್ನೊಂದು ಕುದುರೆಮುಖದ ಮೇಲೆ ಕಳಸಕ್ಕೆ. ಕಳಸ, ಕಾರ್ಕಳ ಎರಡನ್ನೂ ಆಳಿದ ಭೈರರಸರ ನಾಡು ಈ ಬೆಟ್ಟಗಳ ಎರಡೂ ಮಗ್ಗುಲಲ್ಲಿತ್ತು. ಎರಡು ರಾಜಧಾನಿಗಳ ನಡುವೆ ಎಂಥಾ ಕಾಡಿತ್ತು ಅಂತ ಇಲ್ಲಿ ನಿಂತರೆ ಗೊತ್ತಾಗುತ್ತದೆ. ಶೃಂಗೇರಿ ಕಡೆ ತಿರುಗುವ ಮುಂಚೆ ಕುದುರೆಮುಖದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬನ್ನಿ. ಹನುಮನಗುಂಡಿ ಜಲಪಾತಕ್ಕೆ ತುಂಬಾ ಮೆಟ್ಟಿಲು ಇಳಿಯಬೇಕು, ನೀವು ಮತ್ತು ಮಗಳು ಬೇಕಾದರೆ ಹೋಗಿ. ಕಡಾಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ, ಅಪ್ಪ ಅಮ್ಮ ಕಾರಿನಿಂದಲೇ ನೋಡಬಹುದು.

ಅದಕ್ಕಿಂತ ಮುಖ್ಯ, ಇಲ್ಲಿಯ ಬೆಟ್ಟಗಳು. ಆಗುಂಬೆಯಲ್ಲಿ ನೋಡಿದ್ದು ಒತ್ತೊತ್ತು ಕಾಡು. ಇಲ್ಲಿ ಬೆಟ್ಟದ ನೆತ್ತಿ, ಮೈ ಎಲ್ಲ ಹುಲ್ಲು. ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರು ಕಾಡು ಸಿಕ್ಕಿಕೊಂಡಿರುತ್ತದೆ. ಯಾರೋ ಕಡಿದದ್ದು ಅಂದುಕೊಳ್ಳಬೇಡಿ. ಬೆನ್ನಿನ ಮೇಲೆ ಗಾಳಿ ಜೋರು, ಮಣ್ಣು ತೆಳು. ಮಡಿಕೆಯಲ್ಲಿ ನೀರು ನಿಲ್ಲುತ್ತದೆ, ಮಣ್ಣು ದಪ್ಪ. ಅಲ್ಲಿ ಮರ, ಇಲ್ಲಿ ಹುಲ್ಲು. ಇದಕ್ಕೆ ಶೋಲಾ ಕಾಡು ಅನ್ನುತ್ತಾರೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಮಳೆಗಾಲದ ನೀರನ್ನು ಈ ಹುಲ್ಲು, ಈ ಶೋಲಾ ಹಿಡಿದಿಟ್ಟು ನಿಧಾನಕ್ಕೆ ಬಿಡುವುದರಿಂದಲೇ ಬೇಸಿಗೆಯಲ್ಲೂ ಹಳ್ಳಗಳು ಹರಿಯುತ್ತವೆ. ನವೆಂಬರಿನಲ್ಲಿ ಹುಲ್ಲು ಇನ್ನೂ ಹಸಿರು, ಜನವರಿಗೆ ಹೊಂಬಣ್ಣಕ್ಕೆ ತಿರುಗುತ್ತದೆ.

ಈ ಬೆಟ್ಟಗಳೊಳಗೆ ಕಬ್ಬಿಣದ ಅದಿರು ಇದೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಅದಕ್ಕೆ ಹಣ ಕೊಡಲು ಒಪ್ಪಿದ್ದು ಇರಾನಿನ ಷಾ ಸರ್ಕಾರ. 1979ರ ಕ್ರಾಂತಿಯಾದ ಮೇಲೆ ಇರಾನ್ ಹಿಂದೆ ಸರಿಯಿತು, ಆದರೂ ಗಣಿ ನಡೆಯಿತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿ ನಿಲ್ಲಿಸಬೇಕೆಂದು ವರ್ಷಗಟ್ಟಲೆ ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಸಾವಿರಾರು ಜನರಿದ್ದ ಕಂಪನಿ ಊರು ಖಾಲಿಯಾಯಿತು. ಉಪ್ಪು, ಮೆಣಸು ಹೊತ್ತ ಎತ್ತುಗಳಿಂದ ಅದಿರಿನ ಪೈಪಿನವರೆಗೆ ಘಟ್ಟ ಇಳಿಸುವ ವ್ಯಾಪಾರದ ಇತಿಹಾಸ ಇಲ್ಲಿಗೆ ಬರುತ್ತದೆ ಅಂತ ನಾನು ನೋಡುತ್ತೇನೆ. ಕೋಟೆ, ದೇವಸ್ಥಾನ ಮಾತ್ರ ಇತಿಹಾಸ ಅಲ್ಲ, ಅಲ್ವಾ?

ಕೆರೆಕಟ್ಟೆಯ ಕಾಡು ದಾಟಿ ಶೃಂಗೇರಿ. ಕೋಣೆ ಹಿಡಿದು, ಸ್ವಲ್ಪ ಮಲಗಿ, ಸಂಜೆ ದೇವಸ್ಥಾನಕ್ಕೆ ಹೋಗಿ. ಶಾರದೆಯ ದರ್ಶನ ಆದ ಮೇಲೆ ಎಲ್ಲರೂ ಮೀನು ನೋಡಲು ತುಂಗೆಯ ಮೆಟ್ಟಿಲಿಗೆ ಓಡುತ್ತಾರೆ. ನೀವು ವಿದ್ಯಾಶಂಕರ ದೇವಸ್ಥಾನಕ್ಕೆ ಒಂದು ಗಂಟೆ ಕೊಡಿ. 1338ರದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡೂ ತುದಿ ದುಂಡಗಿರುವ ಕಟ್ಟಡ. ಒಳಗಿನ ಮಂಟಪದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬ. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ಕಂಬಕ್ಕೆ ಬೆಳಗಿನ ಬಿಸಿಲು ಬೀಳುವಂತೆ ಜೋಡಿಸಿದ್ದಾರೆ ಅನ್ನುತ್ತಾರೆ. ಕಂಬದಲ್ಲಿ ಕೆತ್ತಿದ ಸಿಂಹದಂಥ ಯಾಳಿಗಳ ಬಾಯಲ್ಲಿ ಕಲ್ಲಿನ ಗುಂಡು ಇದೆ. ಬಾಯಿಂದ ಹೊರಗೆ ಬರುವುದಿಲ್ಲ, ಒಳಗೆ ಉರುಳುತ್ತದೆ. ಹೊರಗೋಡೆಯ ಸಾಲು ಶಿಲ್ಪಗಳನ್ನು ನೋಡುತ್ತ ಒಂದು ಸುತ್ತು ಬನ್ನಿ.

ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು 1346ರಲ್ಲಿ ಶೃಂಗೇರಿಗೆ ಬಂದು ಮಠಕ್ಕೆ ಭೂಮಿ ಕೊಟ್ಟ ಶಾಸನ ಇಲ್ಲಿದೆ. ಹೊಸ ರಾಜ್ಯ ಕಟ್ಟಿದವರು ಇಷ್ಟು ದೂರದ ಕಾಡಿಗೆ ಬಂದದ್ದು ಗುರುಭಕ್ತಿಗೆ. ಅದರ ಜೊತೆ ಘಟ್ಟದ ದಾರಿಗಳ ಲೆಕ್ಕವೂ ಇದ್ದಿರಬೇಕು ಎಂಬುದು ನನ್ನ ಅಂದಾಜು. ಇನ್ನೊಂದು ಕಥೆ 1791ರದ್ದು. ಪರಶುರಾಮ ಭಾವುವಿನ ಮರಾಠಾ ಸೈನ್ಯದ ಜೊತೆ ಬಂದ ಪಿಂಡಾರಿಗಳು ಮಠವನ್ನು ಲೂಟಿ ಮಾಡಿದರು. ಶಾರದೆಯ ಮೂರ್ತಿಗೂ ಕೈ ಹಾಕಿದರು. ಸ್ವಾಮಿಗಳು ಟಿಪ್ಪುವಿಗೆ ಬರೆದರು. ಟಿಪ್ಪು ಮರುಪ್ರತಿಷ್ಠೆಗೆ ಹಣ, ಸಾಮಗ್ರಿ ಕಳಿಸಿದ. ಅವನು ಕನ್ನಡದಲ್ಲಿ ಮಠಕ್ಕೆ ಬರೆಸಿದ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಸಿಕ್ಕವು. ಈಗಿನ ವಾಗ್ವಾದಗಳಲ್ಲಿ ಯಾವ ಕಡೆಯವರಿಗೂ ಈ ಕಥೆ ಪೂರ್ತಿ ಅನುಕೂಲವಾಗುವುದಿಲ್ಲ. ಮಕ್ಕಳಿಗೆ ಹೇಳಲು ಅದಕ್ಕೇ ಒಳ್ಳೆಯದು.

ನಾಲ್ಕನೇ ದಿನ ಬೆಳಗ್ಗೆ ಬೇಗ ಹೊರಡಿ. ಕೊಪ್ಪ ದಾಟಿ ತೀರ್ಥಹಳ್ಳಿ ಕಡೆ ಬರುವಾಗ ಗಡಿಕಲ್ಲಿನ ಹತ್ತಿರ ಕುಪ್ಪಳಿಗೆ ತಿರುಗಿಕೊಳ್ಳಿ. ಕುವೆಂಪು ಬೆಳೆದ ಮನೆ ಈಗ ಕವಿಮನೆ. ಮೂರು ದಿನ ಹೊರಗಿನಿಂದ ನೋಡುತ್ತ ಬಂದ ಮಲೆನಾಡಿನ ತೊಟ್ಟಿಮನೆಯನ್ನು ಇಲ್ಲಿ ಒಳಗಿನಿಂದ ನೋಡಬಹುದು. ಅಡುಗೆಮನೆ, ಬಾಣಂತಿ ಕೋಣೆ, ಮಳೆಗಾಲಕ್ಕೆ ಬೇಕಾದ ಸಾಮಾನು ಎಲ್ಲ ಇದೆ. ಮೇಲೆ ಕವಿಶೈಲಕ್ಕೆ ಕಾರಿನಲ್ಲೂ ಹೋಗಬಹುದು. ಅಲ್ಲಿಯ ಬಂಡೆಯ ಮೇಲೆ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ತಮ್ಮ ಹೆಸರು ಕೊರೆದಿದ್ದಾರೆ. ಅವರು ಕೊರೆದರು ಅಂತ ಮಗಳು ಕೊರೆಯದ ಹಾಗೆ ನೋಡಿಕೊಳ್ಳಿ. ಹನ್ನೊಂದರ ಒಳಗೆ ಕುಪ್ಪಳಿ ಬಿಟ್ಟರೆ ಶಿವಮೊಗ್ಗ ದಾಟಿ ಊಟ, ಕತ್ತಲಾಗುವ ಹೊತ್ತಿಗೆ ತುಮಕೂರು. ರಜೆಯ ಕೊನೆಯ ದಿನವಾದ್ದರಿಂದ ನೆಲಮಂಗಲದ ಬಳಿ ಒಂದು ಗಂಟೆ ಎಕ್ಸ್ಟ್ರಾ ಇಟ್ಟುಕೊಳ್ಳಿ.